ಪ್ರಾಜೆಕ್ಟ್ ವರದಿಗೆ ಲಿಬ್ರೆಆಫೀಸ್ ರೈಟರ್ ಸಾಕೇ?

ಪಾವಗಡ, ಮಧುಗಿರಿ, ಶಿರಾ ಕಡೆಗಳಿಂದ ಬಂದು ತುಮಕೂರಿನ ಹಾಸ್ಟೆಲುಗಳಲ್ಲಿ ಉಳಿದು ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯುವ ಹೊತ್ತಿಗೆ ಕೇಳುವ ಪ್ರಶ್ನೆ ಇದು. ರೈಟರ್ ಎಂದರೆ ವರ್ಡ್‌ನಂತೆಯೇ ಬರವಣಿಗೆಗೆ ಬಳಸುವ, ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಭಾಗ. ಸಾಕು ಎಂಬುದೇ ನನ್ನ ಉತ್ತರ. ಕದ್ದ ಪ್ರತಿಯ ವರ್ಡ್ ಹಾಕಿಸಿಕೊಂಡು ಲ್ಯಾಪ್‌ಟಾಪಿಗೆ ವೈರಸ್ ಅಂಟಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಫಾಂಟಿನ ವಿಷಯದಲ್ಲಿ ಮೊದಲ ದಿನದಿಂದಲೇ ಎಚ್ಚರ ಬೇಕು. ಫೈಲು ಕೆಟ್ಟಿತೆಂದು ನಾವು ದೂರುವಾಗ ಹೆಚ್ಚಿನ ಸಲ ಕೆಟ್ಟಿರುವುದು ಫಾಂಟಿನ ಹೊಂದಾಣಿಕೆ ಮಾತ್ರ.

2010ರಲ್ಲಿ ಓಪನ್ಆಫೀಸ್ ಎಂಬ ಹಳೆಯ ಮುಕ್ತ ತಂತ್ರಾಂಶದಿಂದ ಕವಲೊಡೆದ ಲಿಬ್ರೆಆಫೀಸನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಇದನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ. ಊರಿಗೆ ಹೋದಾಗ ನೆಟ್‌ವರ್ಕ್ ಸಿಗದವರಿಗೆ ಗೂಗಲ್ ಡಾಕ್ಸ್‌ಗಿಂತ ಇದು ಅನುಕೂಲವಾಗುವುದು ಈ ಕಾರಣಕ್ಕೇ.

ರೈಟರ್‌ನ ಸ್ವಂತ ಫೈಲು ಒಡಿಟಿ. ಇದು 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಮಾನ್ಯತೆ ಪಡೆದ, ಒಡಿಎಫ್ ಎಂಬ ಮುಕ್ತ ಫೈಲು ಮಾದರಿಗೆ ಸೇರಿದ್ದು. ಕಾಲೇಜುಗಳಲ್ಲಿ ಕೇಳುವುದು ಡಾಕ್ಎಕ್ಸ್, ಅಂದರೆ ವರ್ಡ್ 2007ರಿಂದ ರೂಢಿಗೆ ಬಂದ ವರ್ಡ್‌ನ ಫೈಲು. ರೈಟರ್ ಇದನ್ನೂ ತೆರೆಯುತ್ತದೆ, ಉಳಿಸುತ್ತದೆ. ಇಂಗ್ಲಿಷ್ ವರದಿಯಲ್ಲಿ ಪ್ಯಾರಾ, ಅಡಿಟಿಪ್ಪಣಿ, ಸಾಧಾರಣ ಕೋಷ್ಟಕ, ಪರಿವಿಡಿ ಇವೆಲ್ಲ ಬಹುಮಟ್ಟಿಗೆ ಸರಿಯಾಗಿಯೇ ದಾಟುತ್ತವೆ. ವರ್ಡ್‌ನ ಕ್ಯಾಲಿಬ್ರಿ ಫಾಂಟು ಇಲ್ಲದ ಯಂತ್ರದಲ್ಲಿ ಅಕ್ಷರಗಳ ಅಗಲ ಅದಕ್ಕೆ ಸಮನಾಗಿರುವ ಕಾರ್ಲಿಟೊ ಫಾಂಟು ಬಂದು ಕೂರುವುದರಿಂದ ಸಾಲುಗಳು ಅಷ್ಟಾಗಿ ಕದಲುವುದಿಲ್ಲ. ತೊಂದರೆ ಕಾಣುವುದು ಸ್ಮಾರ್ಟ್ಆರ್ಟ್ ಎಂಬ ವರ್ಡ್‌ನ ಸಿದ್ಧ ರೇಖಾಚಿತ್ರಗಳಲ್ಲಿ, ಪಠ್ಯದ ಮೇಲೆ ತೇಲಿಸಿಟ್ಟ ಪೆಟ್ಟಿಗೆಗಳಲ್ಲಿ, ಕಾಲೇಜಿನ ಲಾಂಛನವನ್ನು ಸ್ಪೇಸ್ ಒತ್ತಿ ಒತ್ತಿ ನಡುವಿಗೆ ತಂದ ಮುಖಪುಟಗಳಲ್ಲಿ. ಕೊನೆಯದಕ್ಕೆ ತಂತ್ರಾಂಶವನ್ನು ದೂರಿ ಫಲವಿಲ್ಲ. ಹಾಗೆ ಮಾಡಿದ ಪುಟ ವರ್ಡ್‌ನಲ್ಲಿಯೂ ಇನ್ನೊಂದು ಯಂತ್ರಕ್ಕೆ ಹೋದರೆ ಅಲುಗಾಡುತ್ತದೆ.

ಕನ್ನಡದಲ್ಲಿ ವರದಿ ಬರೆಯುವವರು ಇನ್ನಷ್ಟು ಗಮನ ಕೊಡಬೇಕು. ರೈಟರ್ ಇಂಗ್ಲಿಷ್ ಅಕ್ಷರಗಳಿಗೆ ಒಂದು ಫಾಂಟನ್ನೂ ಕನ್ನಡದಂತಹ ಸಂಕೀರ್ಣ ಲಿಪಿಗಳಿಗೆ (ಅಕ್ಷರಗಳು ಕೂಡಿ ರೂಪ ಬದಲಿಸುವ ಲಿಪಿಗಳಿಗೆ) ಇನ್ನೊಂದನ್ನೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ, ಗಾತ್ರವನ್ನೂ ಹಾಗೆಯೇ. ಶೀರ್ಷಿಕೆಯ ಶೈಲಿಯಲ್ಲಿ (ಸ್ಟೈಲ್) ಇಂಗ್ಲಿಷ್ ಭಾಗಕ್ಕೆ ಮಾತ್ರ 14ರ ಗಾತ್ರ ಕೊಟ್ಟರೆ ಕನ್ನಡದ ಶೀರ್ಷಿಕೆ ಇದ್ದ ಗಾತ್ರದಲ್ಲಿಯೇ ಉಳಿಯುತ್ತದೆ. ಕನ್ನಡಕ್ಕೆ ಫಾಂಟನ್ನೇ ಹೆಸರಿಸದಿದ್ದರೆ ಯಂತ್ರ ತನಗೆ ಸಿಕ್ಕ ಕನ್ನಡ ಫಾಂಟನ್ನು ಹಚ್ಚುತ್ತದೆ. ಮನೆಯ ವಿಂಡೋಸ್‌ನಲ್ಲಿ ಅದು ನಿರ್ಮಲಾ ಯುಐ ಆಗಿದ್ದು, ಪ್ರಯೋಗಾಲಯದ ಲಿನಕ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಅಥವಾ ಲೋಹಿತ್ ಆದರೆ, ಒತ್ತಕ್ಷರಕ್ಕೆಂದು ಬಿಡುವ ಸಾಲಿನ ಎತ್ತರವೇ ಬದಲಾಗುತ್ತದೆ. ಪುಟದ ತುದಿಯಲ್ಲಿದ್ದ ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿ, ಪರಿವಿಡಿಯ ಪುಟಸಂಖ್ಯೆಗಳು ತಪ್ಪಿಹೋಗುತ್ತವೆ. ಆದ್ದರಿಂದ ಮೊದಲು ಟೂಲ್ಸ್, ಆಪ್ಷನ್ಸ್ ಒಳಗೆ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಯ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬೇಕು. ನೋಟೊ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳಲ್ಲಿ ಒಂದನ್ನು ನಿಗದಿ ಮಾಡಿಕೊಂಡು, ಫೈಲಿನ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಬೇಕು. ಇಷ್ಟು ಮಾಡಿಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹದ ಕಥೆಯೇ ಬೇರೆ. ಅಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷಿನ ಸಂಕೇತಗಳು. ಆ ಫಾಂಟು ಇಲ್ಲದ ಕಡೆ ಓದಲಾಗದ ಚಿಹ್ನೆಗಳಷ್ಟೇ ಕಾಣುತ್ತವೆ. ಹಿರಿಯರ ವರದಿಯಿಂದ ಭಾಗಗಳನ್ನು ಉದ್ಧರಿಸುವವರು, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲು ಸಾಲಾಗಿ ಓದಿ ನೋಡಲೇಬೇಕು.

ಮಾರ್ಗದರ್ಶಕರ ತಿದ್ದುಪಡಿಗೆ ಡಾಕ್ಎಕ್ಸ್ ಪ್ರತಿಯನ್ನೇ ಕಳುಹಿಸಬಹುದು. ಅವರು ವರ್ಡ್‌ನಲ್ಲಿ ಗುರುತು ಮಾಡಿದ ಬದಲಾವಣೆಗಳೂ ಟಿಪ್ಪಣಿಗಳೂ ರೈಟರ್‌ನಲ್ಲಿ ಕಾಣುತ್ತವೆ, ಒಂದೊಂದನ್ನೇ ಒಪ್ಪಿಕೊಳ್ಳಲೂಬಹುದು. ಮೂಲ ಪ್ರತಿ ಮಾತ್ರ ಒಡಿಟಿಯಲ್ಲಿಯೇ ಇರಲಿ, ಎರಡರ ನಡುವೆ ಪದೇ ಪದೇ ಪರಿವರ್ತಿಸಿದಷ್ಟೂ ಶೈಲಿಗಳು ಕಲಸಿಹೋಗುತ್ತವೆ. ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ ಒಯ್ಯಬೇಕಾದದ್ದು ಪಿಡಿಎಫ್. ಅದನ್ನು ಮಾಡುವಾಗ ಹೈಬ್ರಿಡ್ ಪಿಡಿಎಫ್ ಆಯ್ಕೆಗೆ ಗುರುತು ಹಾಕಿದರೆ ಒಡಿಟಿಯೂ ಅದರೊಳಗೇ ಸೇರಿಕೊಳ್ಳುತ್ತದೆ; ಬೈಂಡಿಂಗ್‌ಗೆ ಮುನ್ನ ಹೆಸರಿನಲ್ಲಿಯೋ ನೋಂದಣಿ ಸಂಖ್ಯೆಯಲ್ಲಿಯೋ ತಪ್ಪು ಕಂಡರೆ ರೈಟರ್ ಇರುವ ಯಾವ ಯಂತ್ರದಲ್ಲಾದರೂ ಅದೇ ಪಿಡಿಎಫ್ ತೆರೆದು ತಿದ್ದಿಕೊಳ್ಳಬಹುದು.