ಒಬ್ಬ ಮೇಷ್ಟ್ರು, ಮೂರು ಸಿನಿಮಾ: ಮಕ್ಕಳಿಗೆ ಯಾವುದನ್ನು ತೋರಿಸಬೇಕು?

ಪಿಯರ್ ಡುಲೇನ್ ಅಂತ ಒಬ್ಬ ನೃತ್ಯದ ಮೇಷ್ಟ್ರು. 1994ರಲ್ಲಿ ನ್ಯೂಯಾರ್ಕ್‌ನ ಶಾಲಾ ಮಕ್ಕಳಿಗೆ ಬಾಲ್‌ರೂಮ್ ನೃತ್ಯ ಕಲಿಸೋಕೆ ಶುರು ಮಾಡಿದರು. ಅದೇ ಮುಂದೆ 'ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್' ಅನ್ನುವ ದೊಡ್ಡ ಕಾರ್ಯಕ್ರಮವಾಗಿ ಬೆಳೆಯಿತು. ಈ ಕೆಲಸದ ಸುತ್ತ ಮೂರು ಸಿನಿಮಾಗಳಿವೆ. 2005ರ 'ಮ್ಯಾಡ್ ಹಾಟ್ ಬಾಲ್‌ರೂಮ್' ಸಾಕ್ಷ್ಯಚಿತ್ರ. 2006ರ 'ಟೇಕ್ ದ ಲೀಡ್' ಕಥಾಚಿತ್ರ. 2013ರ 'ಡ್ಯಾನ್ಸಿಂಗ್ ಇನ್ ಜಾಫಾ' ಮತ್ತೆ ಸಾಕ್ಷ್ಯಚಿತ್ರ. ಮೂರನ್ನೂ ನಾನು ಮೊದಲು ಒಬ್ಬಳೇ ನೋಡಿದೆ. ಆಮೇಲೆ ನಾಟಕ ಕಲಿಸುವ ಬೇಸಿಗೆ ಶಿಬಿರದಲ್ಲಿ ಮಕ್ಕಳ ಜೊತೆ ಕೂತು ನೋಡಿದೆ.

ನಾನು ಮುಖ್ಯವಾಗಿ ನೋಡಿದ್ದು ಒಂದೇ ವಿಷಯ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ 'ವೃತ್ತದಲ್ಲಿ ನಿಂತು ಕೈ ಹಿಡ್ಕೊಳ್ಳಿ' ಅಂದರೆ ಏನಾಗುತ್ತೆ ಗೊತ್ತಲ್ವಾ? ಹುಡುಗರೆಲ್ಲ ಒಂದು ಕಡೆ, ಹುಡುಗಿಯರೆಲ್ಲ ಒಂದು ಕಡೆ. ಅವರು ಸೇರುವ ಎರಡು ಜಾಗದಲ್ಲಿ ವೃತ್ತ ಒಡೆದೇ ಇರುತ್ತೆ. ಜಾಸ್ತಿ ಒತ್ತಾಯ ಮಾಡಿದರೆ ಕಿರುಬೆರಳು ಮಾತ್ರ ಮುಂದೆ ಬರುತ್ತೆ. ಬಾಲ್‌ರೂಮ್ ಅಂದರೆ ಜೋಡಿ ನೃತ್ಯ. ಅಲ್ಲಿ ಕಿರುಬೆರಳಿನಿಂದ ಕೆಲಸ ಆಗೋದಿಲ್ಲ. ಆ ಸಂಕೋಚವನ್ನು ಮೇಷ್ಟ್ರು ಹೇಗೆ ದಾಟಿಸುತ್ತಾರೆ ಅನ್ನೋದನ್ನು ಯಾವ ಸಿನಿಮಾ ಸರಿಯಾಗಿ ತೋರಿಸುತ್ತೆ? ನನ್ನ ಅಳತೆಗೋಲು ಅದೇ.

'ಟೇಕ್ ದ ಲೀಡ್' ನೋಡೋಕೆ ಎಲ್ಲಕ್ಕಿಂತ ಸುಲಭ. ಆಂಟೋನಿಯೊ ಬಾಂಡೆರಾಸ್ ಡುಲೇನ್ ಪಾತ್ರ ಮಾಡಿದ್ದಾರೆ. ಸೈಕಲ್ ಹತ್ತಿ, ಸೂಟ್ ತೊಟ್ಟು ಬರುವ ಈ ಮೇಷ್ಟ್ರು ಯಾರಿಗಾದರೂ ಮೊದಲ ನೋಟಕ್ಕೇ ಇಷ್ಟವಾಗಿಬಿಡುತ್ತಾರೆ. ಅವರು ತರಗತಿಯಲ್ಲಿ ಟ್ಯಾಂಗೊ ಮಾಡಿ ತೋರಿಸುವಾಗ ನಮ್ಮ ಶಿಬಿರದ ದೊಡ್ಡ ಹುಡುಗರು ಮೊಬೈಲ್ ಕೆಳಗಿಟ್ಟು ನೋಡಿದರು. ಆದರೆ ನಿಜವಾದ ಡುಲೇನ್ ಕಲಿಸಿದ್ದು ಐದನೇ ಕ್ಲಾಸಿನ ಚಿಕ್ಕ ಮಕ್ಕಳಿಗೆ. ಸಿನಿಮಾದವರು ಅವರನ್ನು ಹೈಸ್ಕೂಲಿನಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗ ಹುಡುಗಿಯರನ್ನಾಗಿ ಬದಲಾಯಿಸಿದ್ದಾರೆ. ಅಲ್ಲಿಂದ ಕಥೆ ಹೊರಳಿಕೊಳ್ಳುತ್ತೆ. ಬೀದಿ ಜಗಳ, ಮನೆಗಳ ನಡುವಿನ ಹಳೇ ದ್ವೇಷ, ಪ್ರೀತಿ, ಕೊನೆಗೆ ಸ್ಪರ್ಧೆ. ಕಲಿಯೋದು ಮಾತ್ರ ಹಾಡಿನ ಹಿಂದೆ ಸರಿದುಹೋಗುತ್ತೆ. 'ಇಷ್ಟು ಬೇಗ ಹೇಗೆ ಕಲಿತರು ಅಕ್ಕಾ?' ಅಂತ ಒಬ್ಬ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ.

ಒಂದು ದೃಶ್ಯ ಮಾತ್ರ ನನಗೆ ತುಂಬಾ ಬೆಲೆಯದ್ದು. 'ಓದು ಬಿಟ್ಟು ಡ್ಯಾನ್ಸ್ ಯಾಕೆ?' ಅಂತ ಪೋಷಕರ ಸಭೆಯಲ್ಲಿ ವಿಷಯ ಬರುತ್ತೆ. ಡುಲೇನ್ ವಾದ ಮಾಡೋದಿಲ್ಲ. ಪ್ರಿನ್ಸಿಪಾಲ್ ಆಗಿರುವ ಆಲ್ಫ್ರೀ ವುಡರ್ಡ್ ಅವರನ್ನು ಎಲ್ಲರ ಎದುರಿಗೆ ನೃತ್ಯಕ್ಕೆ ಕರೆಯುತ್ತಾರೆ. ಕುಣಿಯುತ್ತಲೇ ವಿವರಿಸುತ್ತಾರೆ: ಇನ್ನೊಬ್ಬರನ್ನು ಗೌರವದಿಂದ ಮುಟ್ಟಲು ಕಲಿತ ಹುಡುಗ ಹೊರಗೆ ಹುಡುಗಿಯರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ, ತನ್ನ ಮೇಲೆ ನಂಬಿಕೆ ಬಂದ ಹುಡುಗಿ ಹೇಗೆ ನಿಲ್ಲುತ್ತಾಳೆ. ಮಕ್ಕಳಿಗೆ ನಾಟಕ, ನೃತ್ಯ ಕಲಿಸುವ ಯಾರೇ ಆಗಲಿ ಈ ದೃಶ್ಯವನ್ನು ಪೋಷಕರಿಗೆ ತೋರಿಸಬಹುದು.

'ಮ್ಯಾಡ್ ಹಾಟ್ ಬಾಲ್‌ರೂಮ್' ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯೋದಿಲ್ಲ. ನಿರ್ದೇಶಕಿ ಮ್ಯಾರಿಲಿನ್ ಅಗ್ರೆಲೊ ನ್ಯೂಯಾರ್ಕ್‌ನ ಮೂರು ಶಾಲೆಗಳನ್ನು ಹಿಂಬಾಲಿಸುತ್ತಾರೆ. ಒಂದು ಮ್ಯಾನ್‌ಹಟನ್‌ನ ಟ್ರೈಬೆಕಾದ್ದು. ಇನ್ನೊಂದು ಬ್ರೂಕ್ಲಿನ್‌ನ ಬೆನ್ಸನ್‌ಹರ್ಸ್ಟ್‌ನದು. ಮೂರನೆಯದು ವಾಷಿಂಗ್ಟನ್ ಹೈಟ್ಸ್‌ನದು. ಇಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಬಂದ ಬಡ ಕುಟುಂಬಗಳೇ ಹೆಚ್ಚು. ಹತ್ತು ವಾರದ ಪಾಠ, ಐದು ನೃತ್ಯ: ಮೆರೆಂಗೆ, ರುಂಬಾ, ಟ್ಯಾಂಗೊ, ಫಾಕ್ಸ್‌ಟ್ರಾಟ್, ಸ್ವಿಂಗ್. ಆಮೇಲೆ ಇಡೀ ನಗರದ ಶಾಲೆಗಳ ಸ್ಪರ್ಧೆ.

ಇಲ್ಲಿ ಕಲಿಕೆ ಕಣ್ಣೆದುರೇ ನಡೆಯುತ್ತೆ. ಮಕ್ಕಳು ಪಾದ ನೋಡ್ತಾ ಹೆಜ್ಜೆ ಎಣಿಸುತ್ತಾರೆ. ಕಾರ್ಯಕ್ರಮದ ಮೇಷ್ಟ್ರುಗಳು 'ಜೊತೆಗಾರರ ಕಣ್ಣು ನೋಡಿ' ಅನ್ನುತ್ತಾರೆ. ಮಕ್ಕಳು ಒಂದು ಕ್ಷಣ ನೋಡುತ್ತಾರೆ, ನಗು ತಡೆಯೋಕೆ ಆಗದೆ ಮತ್ತೆ ಪಾದಕ್ಕೆ ಇಳಿಯುತ್ತಾರೆ. ಇದು ಒಂದೇ ಸಲ ಸರಿಹೋಗೋದಿಲ್ಲ. ವಾರ ವಾರಕ್ಕೂ ಅದೇ ಮಾತು, ಅದೇ ತಿದ್ದುಪಡಿ. ಭುಜ ಸ್ವಲ್ಪ ಮೇಲೆ, ಮೊಣಕೈ ಸ್ವಲ್ಪ ಗಟ್ಟಿ. ನಡುನಡುವೆ ಮಕ್ಕಳು ತಮ್ಮ ಪಾಡಿಗೆ ಹರಟೆ ಹೊಡೆಯುತ್ತಾರೆ. ಹುಡುಗಿಯರು ಹುಡುಗರ ಬಗ್ಗೆ, ಹುಡುಗರು ಹುಡುಗಿಯರ ಬಗ್ಗೆ, ಮುಂದೆ ಎಂಥ ಗಂಡ ಸಿಗಬೇಕು ಅನ್ನೋದರ ಬಗ್ಗೆ. ನಮ್ಮ ಶಿಬಿರದ ಮಕ್ಕಳು ಈ ಭಾಗಕ್ಕೆ ಬಿದ್ದು ಬಿದ್ದು ನಕ್ಕರು.

ಇಂಗ್ಲಿಷ್ ಹೆಚ್ಚು ಬಾರದ ಒಬ್ಬ ಹುಡುಗ ಇದ್ದಾನೆ. ಮಾತಿನಲ್ಲಿ ಹಿಂದೆ. ಸಂಗೀತ ಶುರುವಾದರೆ ಅವನ ಸೊಂಟ, ಭುಜ, ಮುಖ ಎಲ್ಲವೂ ಬೇರೆಯೇ ಆಗಿಬಿಡುತ್ತೆ. ಕ್ಲಾಸಿನಲ್ಲಿ ಸುಮ್ನೆ ಕೂರುವ ಮಗುವಿನೊಳಗೆ ಏನಿರುತ್ತೆ ಅಂತ ತಿಳಿಯಲು ನನಗೆ ಈ ಹುಡುಗ ಸಾಕು. ತಮ್ಮ ಕ್ಲಾಸಿನ ಮಕ್ಕಳು ದೊಡ್ಡವರಂತೆ ನಡೆದುಕೊಳ್ಳೋದನ್ನು ಹೇಳುತ್ತಾ ಟ್ರೈಬೆಕಾದ ಟೀಚರ್ ಒಬ್ಬರು ಕಣ್ಣೀರು ತಡೆಯಲಾರದೆ ಹೋಗುತ್ತಾರೆ. ಅವರು ಅತ್ತಾಗ ನನಗೂ ಅಳು ಬಂತು. ಗೆದ್ದವರು ಯಾರು ಅಂತ ನಾನು ಹೇಳೋದಿಲ್ಲ. ಸೋತ ಮಕ್ಕಳು ತೀರ್ಪುಗಾರರ ಬಗ್ಗೆ ಮಾಡುವ ಚರ್ಚೆಯನ್ನು ತಪ್ಪಿಸಿಕೊಳ್ಳಬೇಡಿ.

ಇಂಥ ಸಿನಿಮಾ ಮಾಡೋದು ಸುಲಭದ ಮಾತಲ್ಲ. ಚಿತ್ರೀಕರಣದ ನಡುವೆ ಯಾರದೋ ಮೊಬೈಲ್ ಹೊಡೆದುಕೊಂಡಿತು. ರಿಂಗ್‌ಟೋನ್ 'ರಾಕಿ' ಸಿನಿಮಾದ ಸಂಗೀತ, ಬರೀ ಆರು ಸೆಕೆಂಡ್. ಅದನ್ನು ಸಿನಿಮಾದಲ್ಲಿ ಉಳಿಸಿಕೊಳ್ಳೋಕೆ ಆ ಸಂಗೀತದ ಹಕ್ಕು ಇದ್ದವರು ಮೊದಲು ಕೇಳಿದ್ದು 10,000 ಡಾಲರ್! ಚೌಕಾಸಿ ಮಾಡಿ 2,500ಕ್ಕೆ ಇಳಿಸಬೇಕಾಯಿತು.

'ಡ್ಯಾನ್ಸಿಂಗ್ ಇನ್ ಜಾಫಾ' ಬೇರೆಯದೇ ಭಾರ ಹೊತ್ತಿದೆ. ಡುಲೇನ್ ಹುಟ್ಟಿದ್ದು 1944ರಲ್ಲಿ, ಜಾಫಾದಲ್ಲೇ. ಅದು ಈಗಿನ ಇಸ್ರೇಲ್‌ನಲ್ಲಿ ಟೆಲ್ ಅವೀವ್‌ಗೆ ಅಂಟಿಕೊಂಡಿರುವ ಊರು. ತಾಯಿ ಪ್ಯಾಲೆಸ್ಟೀನಿಯನ್, ತಂದೆ ಐರಿಷ್. ಇಸ್ರೇಲ್ ದೇಶ ಹುಟ್ಟಿದ 1948ರ ಯುದ್ಧದ ಹೊತ್ತಿಗೆ ಕುಟುಂಬ ಊರು ಬಿಟ್ಟಿತು. ಎಷ್ಟೋ ದಶಕಗಳ ನಂತರ ಅವರು ವಾಪಸು ಬಂದು, ಯಹೂದಿ ಮಕ್ಕಳನ್ನೂ ಪ್ಯಾಲೆಸ್ಟೀನಿಯನ್ ಮಕ್ಕಳನ್ನೂ ಜೋಡಿ ಮಾಡಿ ಕುಣಿಸಲು ಹೊರಡುತ್ತಾರೆ. ಇಲ್ಲಿ ಸಂಕೋಚ ಬರೀ ವಯಸ್ಸಿನದಲ್ಲ. ಹುಡುಗ ಹುಡುಗಿ ಮುಟ್ಟಿಕೊಳ್ಳಬಾರದು ಅನ್ನುವ ಧರ್ಮದ ಕಟ್ಟು ಇದೆ. ಅದರ ಮೇಲೆ ಎರಡು ಸಮುದಾಯಗಳ ನಡುವಿನ ಭಯ, ಸಿಟ್ಟು. ಮೇಷ್ಟ್ರು ಬೇಸತ್ತು ನಿಲ್ಲೋದೂ ಕಾಣುತ್ತೆ. ಆಗ ಅವರ ಹಳೇ ನೃತ್ಯಸಂಗಾತಿ ಇವೋನ್ ಮಾರ್ಸೊ ಬರುತ್ತಾರೆ. ಇಬ್ಬರೂ ಮಕ್ಕಳ ಎದುರು ಕುಣಿದು ತೋರಿಸುತ್ತಾರೆ. ಮಾತಿನಲ್ಲಿ ಆಗದ್ದು ಅಲ್ಲಿ ಆಗುತ್ತೆ. ನಿರ್ದೇಶಕಿ ಹಿಲಾ ಮೆಡಾಲಿಯಾ ನೃತ್ಯದಿಂದ ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳೋದಿಲ್ಲ. ಡುಲೇನ್ ತಾವು ಹುಟ್ಟಿದ ಮನೆಯ ಬಾಗಿಲಿಗೆ ಹೋದಾಗ ಅಲ್ಲಿರುವವರು ಒಳಗೆ ಕರೆಯೋದಿಲ್ಲ. ಆ ಬೇಸರವನ್ನು ಸಿನಿಮಾ ಮುಚ್ಚಿಡೋದಿಲ್ಲ.

ನನ್ನ ಪಟ್ಟು ಸ್ಪಷ್ಟ. ಒಂದೇ ಸಿನಿಮಾ ನೋಡೋಕೆ ಸಮಯ ಇದ್ದರೆ 'ಮ್ಯಾಡ್ ಹಾಟ್ ಬಾಲ್‌ರೂಮ್'. ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೂ, ಅವರ ಟೀಚರ್‌ಗಳಿಗೂ ಅದೇ. 'ಟೇಕ್ ದ ಲೀಡ್' ಹೈಸ್ಕೂಲಿನವರಿಗೆ ಸಾಕು. ಹೊಡೆದಾಟ, ಒರಟು ಮಾತು ಇರೋದರಿಂದ ಚಿಕ್ಕವರಿಗೆ ಬೇಡ. 'ಡ್ಯಾನ್ಸಿಂಗ್ ಇನ್ ಜಾಫಾ' ಮೂರರಲ್ಲಿ ಆಳವಾದದ್ದು. ಆದರೆ ಅರೇಬಿಕ್, ಹೀಬ್ರೂ ಮಾತು ಜಾಸ್ತಿ. ಇಂಗ್ಲಿಷ್ ಸಬ್‌ಟೈಟಲ್ ವೇಗವಾಗಿ ಓಡುತ್ತೆ. ಎಂಟನೇ ಕ್ಲಾಸಿನ ಕೆಳಗಿನ ಮಕ್ಕಳಾದರೆ ಯಾರಾದರೂ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋಗಬೇಕು. ಶುರು ಮಾಡುವ ಮುಂಚೆ ಒಂದು ಭೂಪಟ ತೆರೆದು, ಜಾಫಾ ಎಲ್ಲಿದೆ, 1948ರಲ್ಲಿ ಅಲ್ಲಿ ಏನಾಯಿತು ಅಂತ ಕಾಲು ಗಂಟೆ ಮಾತಾಡಿ. ಅಷ್ಟು ಹೇಳದಿದ್ದರೆ ಆ ಮನೆ ಬಾಗಿಲಿನ ದೃಶ್ಯ ಮಕ್ಕಳಿಗೆ ಅರ್ಥವೇ ಆಗೋದಿಲ್ಲ.