ಉಣ್ಣೆಗೆ ಮಾತ್ರೆಯೋ, ಬೆನ್ನಿಗೆ ಹನಿಯೋ?

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಓಡಾಡುವ ನಾಯಿಗೆ ಉಣ್ಣೆ, ಚಿಗಟ ಹತ್ತಿದರೆ ಮುಖ್ಯವಾಗಿ ಎರಡು ದಾರಿ. ಫಿಪ್ರೊನಿಲ್ ಎಂಬ ಔಷಧದ ಹನಿಯನ್ನು ಕತ್ತಿನ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೇ ಹಾಕಬೇಕು. ಅಗ್ಗ, ಆದರೆ ಹನಿ ಹಾಕುವ ಮುಂಚೆ ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಕೂಡದು. ನಮ್ಮ ಆಷಾಢದ ಜಡಿಮಳೆಯಲ್ಲಿ ಒದ್ದೆಯಾಗದ ನಾಯಿ ಎಲ್ಲಿದೆ? ಹಾಗಾಗಿ ನನ್ನ ಒಲವು ಮಾತ್ರೆಯ ಕಡೆಗೇ. ಫ್ಲುರಲೇನರ್ ಎಂಬ ಈ ಮಾತ್ರೆ ದುಬಾರಿ ನಿಜ. ಆದರೆ ಚಿಗಟ ಕೆಲವೇ ಗಂಟೆಗಳಲ್ಲಿ, ಉಣ್ಣೆ ಅರ್ಧ ದಿನದಲ್ಲಿ ಸಾಯತೊಡಗುತ್ತವೆ, ರಕ್ಷಣೆ ಸುಮಾರು 12 ವಾರ. ಫಿಟ್ಸ್ ಬಂದಿದ್ದ ನಾಯಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಲೇಬೇಡಿ.

ಜ್ವರ, ಬಿಳಿಚಿದ ಒಸಡು, ಊಟ ಬಿಟ್ಟಿರುವುದು ಕಂಡರೆ ಈ ಲೆಕ್ಕಾಚಾರ ಬದಿಗಿಟ್ಟು ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ; ಹಾಸನದ ಕಡೆಯವರಿಗೆ ಪಶುವೈದ್ಯಕೀಯ ಕಾಲೇಜೂ ಇದೆ. ಉಣ್ಣೆ ತರುವ ಎರ್ಲಿಕಿಯಾ, ಬೇಬಿಸಿಯಾ ಎಂಬ ರೋಗಾಣುಗಳ ಪತ್ತೆಗೆ ರಕ್ತಪರೀಕ್ಷೆಯೇ ಬೇಕು.