ಮಣ್ಣಿನ ಕೊಳ ಮತ್ತು ಕಾಂಕ್ರೀಟ್ ತೊಟ್ಟಿ: ಕ್ಯಾಟ್‌ಫಿಶ್ ಸಾಕಣೆಯಲ್ಲಿ ನಷ್ಟದ ಲೆಕ್ಕ

ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕ್ಲಾರಿಯಸ್ ಕುಲದ ಕ್ಯಾಟ್‌ಫಿಶ್ ಮರಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಮಣ್ಣಿನ ಕೊಳಕ್ಕೂ ಇನ್ನೊಂದನ್ನು ಕಾಂಕ್ರೀಟ್ ತೊಟ್ಟಿಗೂ ಬಿಟ್ಟು, ಎರಡಕ್ಕೂ ಒಂದೇ ಬಗೆಯ ತೇಲುವ ಆಹಾರ ಹಾಕಿ ಬೆಳೆಸಿದೆ. ಹಿಡಿಯುವ ಹೊತ್ತಿಗೆ ಕೊಳದಲ್ಲಿ ಉಳಿದ ಮೀನುಗಳ ಸಂಖ್ಯೆ ಕಡಿಮೆಯಿತ್ತು, ಒಂದೊಂದರ ತೂಕ ಹೆಚ್ಚಿತ್ತು. ತೊಟ್ಟಿಯಲ್ಲಿ ಇದಕ್ಕೆ ತದ್ವಿರುದ್ಧ.

ಕೊಳದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಕ್ಕಿ, ಹಾವು, ಕಪ್ಪೆಗಳ ಪಾಲು ಒಂದು ಕಡೆಯಾದರೆ, ಮೀನು ಮೀನನ್ನೇ ತಿನ್ನುವುದು ಅದಕ್ಕಿಂತ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. ಎಳೆಯ ಮರಿಗಳು ಒಂದನ್ನೊಂದು ಬಾಲದ ಕಡೆಯಿಂದ ಕಚ್ಚುತ್ತವೆ. ಕೆಲವು ಮರಿಗಳು ಉಳಿದವುಗಳಿಗಿಂತ ಬೇಗ ದಪ್ಪಗಾದ ಮೇಲೆ ಚಿಕ್ಕವನ್ನು ಇಡಿಯಾಗಿ ನುಂಗುತ್ತವೆ. ನುಂಗಿದ ಮೀನಿನ ಹೆಣ ತೇಲುವುದಿಲ್ಲವಾದ್ದರಿಂದ, ಸತ್ತು ತೇಲಿದವನ್ನಷ್ಟೇ ಎಣಿಸಿ ಬದುಕುಳಿದ ಪ್ರಮಾಣವನ್ನು ಅಂದಾಜು ಮಾಡುವವರು, ಇಲ್ಲದ ಮೀನಿಗೂ ಆಹಾರ ಸುರಿಯುತ್ತಾರೆ. ತೊಟ್ಟಿಯಲ್ಲಿ ಗಾತ್ರಕ್ಕೆ ತಕ್ಕಂತೆ ಮರಿಗಳನ್ನು ಆಗಾಗ ಬೇರ್ಪಡಿಸಲು ಸಾಧ್ಯವಾದದ್ದೇ ಅಲ್ಲಿ ಹೆಚ್ಚು ಮೀನು ಉಳಿಯಲು ಮುಖ್ಯ ಕಾರಣ.

ಆದರೆ ತೊಟ್ಟಿಯ ಶತ್ರು, ಮೀನಿನ ವಿಸರ್ಜನೆಯಿಂದಲೂ ಉಳಿದು ಕೊಳೆಯುವ ಆಹಾರದಿಂದಲೂ ನೀರಿಗೆ ಸೇರುವ ಅಮೋನಿಯಾ. ಈ ಮೀನು ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಬದುಕುತ್ತದೆ ಎಂಬ ಧೈರ್ಯದಿಂದ ಒತ್ತೊತ್ತಾಗಿ ಬಿಡುವವರು, ಗಾಳಿ ಉಸಿರಾಟವು ಅಮೋನಿಯಾದಿಂದ ರಕ್ಷಿಸುವುದಿಲ್ಲ ಎಂಬುದನ್ನು ಮರೆಯುತ್ತಾರೆ. ನೀರಿನ ಕ್ಷಾರತೆಯೂ ಉಷ್ಣತೆಯೂ ಏರಿದಂತೆ ಅದರ ವಿಷಕಾರಿ ಅಂಶ ಹೆಚ್ಚುತ್ತದೆ. ಮೀನು ಮೊದಲು ಆಹಾರ ಬಿಡುತ್ತದೆ, ಬಳಿಕ ಗಾಯ, ಕಿವಿರಿನ ಕೊಳೆತದಂಥ ಬ್ಯಾಕ್ಟೀರಿಯಾ ರೋಗಗಳು ತಗಲುತ್ತವೆ. ಕೊಳದ ಕೆಸರು ಮತ್ತು ಪಾಚಿ ಈ ಹೊರೆಯನ್ನು ಸ್ವಲ್ಪಮಟ್ಟಿಗೆ ಹೊರುತ್ತವೆ, ಹುಳುಹುಪ್ಪಟೆಗಳೂ ಮೇವಾಗಿ ಒದಗುತ್ತವೆ.

ಆಹಾರ ಪರಿವರ್ತನೆಯ, ಅಂದರೆ ಒಂದು ಕಿಲೋ ಮೀನು ಬೆಳೆಯಲು ಎಷ್ಟು ಆಹಾರ ಹಿಡಿಯಿತು ಎಂಬ ಲೆಕ್ಕದಲ್ಲಿ, ಯಾವ ಹಂತದಲ್ಲಿ ಮೀನು ಸತ್ತಿತು ಎಂಬುದೇ ನಿರ್ಣಾಯಕ. ಎಳೆಯ ಮರಿ ಸತ್ತರೆ ಹೋಗುವುದು ಮರಿಯ ಬೆಲೆ ಮಾತ್ರ. ಮಾರಾಟದ ಹೊಸ್ತಿಲಲ್ಲಿ ಸತ್ತ ಮೀನು ತಾನು ತಿಂದ ಆಹಾರವನ್ನೆಲ್ಲ ಕೊಂಡೊಯ್ಯುತ್ತದೆ. ಹೀಗಾಗಿ, ಸಂಖ್ಯೆಯಲ್ಲಿ ಕಡಿಮೆ ಕಳೆದುಕೊಂಡರೂ ಕೊನೆಯ ಹಂತದಲ್ಲಿ ಕಳೆದುಕೊಂಡ ತೊಟ್ಟಿಯೇ ಪ್ರತಿ ಕಿಲೋ ಮೀನಿಗೆ ಹೆಚ್ಚು ಆಹಾರ ತಿಂದಿತು.

ನನ್ನ ಆಯ್ಕೆ ಎರಡರ ಜೋಡಣೆ: ಮರಿಗಳು ಬೆರಳುದ್ದವಾಗಿ ಗಾತ್ರದಲ್ಲಿ ಸಮನಾಗುವವರೆಗೆ ತೊಟ್ಟಿ, ಅನಂತರ ಮೇಲೆ ಬಲೆ ಹೊದಿಸಿದ ಕೊಳ. ನೀರು ಬದಲಿಸುವ ಅನುಕೂಲವಿಲ್ಲದವರು ತೊಟ್ಟಿಯಲ್ಲಿ ದೊಡ್ಡ ಮೀನು ಬೆಳೆಸದಿರುವುದೇ ಲೇಸು.